ಹಂಪನಕಟ್ಟೆಯಲ್ಲಿ ನಾಲ್ಕು ತಾಲ್ಲೂಕಿನ ಒಲೆ

ಸಮುದ್ರ ನೋಡಲು ಹೊರಟವರು ಕೋಣೆ ಹಿಡಿಯುವಾಗ ಮೊದಲು ಕೇಳುವುದು, ಕಿಟಕಿಯಿಂದ ಕಡಲು ಕಾಣುತ್ತದೆಯೇ ಎಂದು. ನಾನು ಕೇಳುವುದು ಒಲೆಯ ವಿಚಾರ. ಗ್ಯಾಸಿನದೋ, ಇಂಡಕ್ಷನ್ನೋ? ಇಂಡಕ್ಷನ್ ಒಲೆಯ ಮೇಲೆ ಅಲ್ಯೂಮಿನಿಯಂ ಪಾತ್ರೆ ಕಾಯುವುದಿಲ್ಲ, ನಮ್ಮ ಮನೆಯಲ್ಲಿ ಹಿಟ್ಟು ತೊಳಸುವುದು ಅಲ್ಯೂಮಿನಿಯಂ ಪಾತ್ರೆಯಲ್ಲೇ. ಎಂಬತ್ತರ ಹತ್ತಿರ ಬಂದಿರುವ ನಮ್ಮತ್ತೆಗೆ ರಾತ್ರಿ ಮುದ್ದೆ ಇಲ್ಲದಿದ್ದರೆ ಊಟವೇ ಆದಂತಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಹೊತ್ತಿಗೆ ಸರಿಯಾಗಿ ಉಣ್ಣಲೂ ಬೇಕು. ಹೀಗಾಗಿ ಮಂಗಳೂರಿಗೆ ಹೋದಾಗ ನಾವು ಹೋಟೆಲಿನಲ್ಲಿ ಇಳಿಯುವುದಿಲ್ಲ. ಊರ ನಡುವೆ, ಹಂಪನಕಟ್ಟೆಯ ಆಸುಪಾಸಿನಲ್ಲಿ, ಅಡುಗೆಮನೆ ಇರುವ ಒಂದು ಫ್ಲಾಟನ್ನು ದಿನದ ಬಾಡಿಗೆಗೆ ಹಿಡಿಯುತ್ತೇವೆ.

ನಾವು ಎಂದರೆ ನಾಲ್ಕು ತಾಲ್ಲೂಕಿಗೆ ಹಂಚಿಹೋದ ಒಂದೇ ಸಂಸಾರ. ನನ್ನ ತವರು ಪಾಂಡವಪುರ ತಾಲ್ಲೂಕಿನ ಚಿನಕುರಳಿ ಕಡೆ, ಕೊಟ್ಟದ್ದು ಕೆ.ಆರ್. ಪೇಟೆಯ ಕಿಕ್ಕೇರಿ ಹತ್ತಿರ. ಅಕ್ಕನ ಮನೆ ನಾಗಮಂಗಲದಲ್ಲಿ, ತಮ್ಮನದು ಶ್ರೀರಂಗಪಟ್ಟಣದ ಗಂಜಾಂನಲ್ಲಿ. ಎಲ್ಲರೂ ಒಟ್ಟಿಗೆ ಸೇರುವುದು ಮದುವೆ, ತಿಥಿಗಳಲ್ಲಿ. ಅಲ್ಲಿ ಕೂತು ಮಾತಾಡಲು ಬಿಡುವೆಲ್ಲಿ? ಭತ್ತದ ಒಕ್ಕಣೆ ಮುಗಿದು, ಕಬ್ಬು ಕಾರ್ಖಾನೆಗೆ ಸಾಗಿದ ಮೇಲೆ ಸಿಗುವ ಸ್ವಲ್ಪ ಹೊತ್ತಿನಲ್ಲೇ ಹೊರಡಬೇಕು. ಹಸು ಕಟ್ಟಿದವರಿಗೆ ಆ ಬಿಡುವೂ ಇಲ್ಲ, ಬೆಳಗೂ ಸಂಜೆಯೂ ಡೇರಿಗೆ ಹಾಲು ಹಾಕಬೇಕು. ಪಕ್ಕದ ಮನೆಯವರಿಗೆ ಕೊಟ್ಟಿಗೆ ಒಪ್ಪಿಸಿ ಬಂದವರಿಗೆ ಒಂದೊಂದು ದಿನವೂ ಬೆಲೆಯುಳ್ಳದ್ದು. ಆ ದಿನಗಳನ್ನು ಬೇರೆ ಬೇರೆ ಮಹಡಿಯ ಬೇರೆ ಬೇರೆ ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡು ಕಳೆಯುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಕಡೆಯಿಂದ ಕಡಲಿಗೆ ಎರಡು ದಾರಿ. ಬೆಂಗಳೂರು–ಮೈಸೂರು ಹೆದ್ದಾರಿ ಎಂದು ಶ್ರೀರಂಗಪಟ್ಟಣದವರು ಕರೆಯುವ ರಾಷ್ಟ್ರೀಯ ಹೆದ್ದಾರಿ 275 ಮೈಸೂರಿನಲ್ಲಿ ಮುಗಿಯುವುದಿಲ್ಲ. ಹುಣಸೂರು, ಮಡಿಕೇರಿ, ಸುಳ್ಯ, ಪುತ್ತೂರು ಹಾದು ಬಂಟ್ವಾಳದ ಕಡೆ ಇಳಿಯುತ್ತದೆ. ನಾಗಮಂಗಲದವರಿಗೆ ಬೆಳ್ಳೂರು ಕ್ರಾಸಿನಲ್ಲೇ ಬೆಂಗಳೂರು–ಮಂಗಳೂರು ಹೆದ್ದಾರಿ 75 ಸಿಗುತ್ತದೆ. ಅಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಿಗೆ ಮಂಗಳೂರು. ನಾವು ಹೋಗುವುದು ಟೆಂಪೊ ಟ್ರಾವೆಲರ್‌ನಲ್ಲಿ. ಗಂಜಾಂನಿಂದ ಹೊರಟು ಪಾಂಡವಪುರ, ಚಿನಕುರಳಿ, ಕೆ.ಆರ್. ಪೇಟೆ, ಕಿಕ್ಕೇರಿಯಲ್ಲಿ ಜನ ಹತ್ತಿಸಿಕೊಂಡು ಚನ್ನರಾಯಪಟ್ಟಣಕ್ಕೆ ಬಂದರೆ ಅಕ್ಕನ ಕಾರು ಅಲ್ಲಿ ಬಂದು ಸೇರುತ್ತದೆ.

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ಸಕಲೇಶಪುರದ ಸೇತುವೆ ಬಂದಾಗ ಮಕ್ಕಳನ್ನು ಎಬ್ಬಿಸಿ ನದಿ ತೋರಿಸದೆ ಬಿಡುವುದಿಲ್ಲ. ಅದು ನಮ್ಮ ಹೇಮಾವತಿ. ಇದೇ ನೀರು ಗೊರೂರು ಅಣೆಕಟ್ಟು ದಾಟಿ ಕೆ.ಆರ್. ಪೇಟೆಯ ಹೇಮಗಿರಿ, ಅಕ್ಕಿಹೆಬ್ಬಾಳಿನ ಮೇಲೆ ಹರಿದು, ಅಂಬಿಗರಹಳ್ಳಿಯ ಸಂಗಮದಲ್ಲಿ ಕಾವೇರಿಗೆ ಸೇರಿ, ಕನ್ನಂಬಾಡಿ ಕಟ್ಟೆಯಲ್ಲಿ ನಿಲ್ಲುತ್ತದೆ. ಅದರ ಪಯಣ ಪೂರ್ವದ ಕಡಲಿಗೆ. ದೋಣಿಗಲ್ ದಾಟಿ ಶಿರಾಡಿ ಇಳಿಯತೊಡಗಿದರೆ ರಸ್ತೆಯ ಪಕ್ಕ ಕೆಂಪುಹೊಳೆ. ಅದು ಗುಂಡ್ಯದ ಮೂಲಕ ಕುಮಾರಧಾರೆಗೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ನೇತ್ರಾವತಿ ಮಂಗಳೂರಿನ ಅಳಿವೆಗೆ. ಒಂದು ನದಿಯ ಎದುರಿಗೆ ಏರಿ ಇನ್ನೊಂದು ನದಿಯ ಜೊತೆ ಇಳಿಯುವ ಹಾದಿ ಇದು. ಇದನ್ನು ಕಣ್ಣಾರೆ ಕಂಡ ಮಗುವಿಗೆ ಜಲವಿಭಜಕ ಎಂದರೇನು ಎಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸಬೇಕಿಲ್ಲ.

ಮಳೆಗಾಲದಲ್ಲಿ ಮಾತ್ರ ಈ ದಾರಿ ನಂಬಬಾರದು. 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ಶಿರಾಡಿಯಲ್ಲಿ ವಾಹನಗಳು ನಿಂತುಹೋಗಿದ್ದವು. ಮಂಡ್ಯ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರಿನ ಆಚೀಚೆ. ಮಂಗಳೂರಿನಲ್ಲಿ 3,500ಕ್ಕೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಒಣಹಾಕಿದ ಬಟ್ಟೆ ಒಣಗುವುದಿಲ್ಲ, ಕಡಲಿಗೆ ಇಳಿಯಲೂ ಬಿಡುವುದಿಲ್ಲ. ನವೆಂಬರ್‌ನಿಂದ ಫೆಬ್ರುವರಿ ನಮ್ಮಂಥವರಿಗೆ ಹೇಳಿ ಮಾಡಿಸಿದ ಕಾಲ.

ಕಡಲ ತೀರದಲ್ಲೇ ರೆಸಾರ್ಟುಗಳಿರುವಾಗ ಊರ ನಡುವೆ ಯಾಕೆ ಎಂದು ತಮ್ಮನ ಮಗಳು ಪ್ರತಿ ಸಲ ಕೇಳುತ್ತಾಳೆ. ನನ್ನ ಉತ್ತರ ಇಷ್ಟು. ತೀರದಲ್ಲಿ ಇಳಿದವರಿಗೆ ಸಮುದ್ರ ಸಿಗುತ್ತದೆ, ಊರು ಸಿಗುವುದಿಲ್ಲ. ಬಿಸಿಲೇರಿದ ಮೇಲೆ ಮರಳಿನ ಮೇಲೆ ವಯಸ್ಸಾದವರಿಗೆ ಏನೂ ಕೆಲಸವಿಲ್ಲ. ಕೋಣೆಯಲ್ಲೇ ಕೂರಬೇಕು, ಅಲ್ಲಿ ಕೊಟ್ಟದ್ದನ್ನೇ ತಿನ್ನಬೇಕು, ಒಂದು ಮಾತ್ರೆ ಬೇಕಾದರೂ ಆಟೊ ಹುಡುಕಬೇಕು. ಹಂಪನಕಟ್ಟೆಯಲ್ಲಿದ್ದರೆ ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣ ಹತ್ತಿರ, ಔಷಧದ ಅಂಗಡಿ ಬಾಗಿಲಲ್ಲೇ. 1848ರಿಂದ ನಡೆದುಬಂದಿರುವ ಸರಕಾರಿ ವೆನ್‌ಲಾಕ್ ಆಸ್ಪತ್ರೆಯೂ ಅಲ್ಲೇ ಇದೆ. ಮುದುಕರನ್ನು ಕರೆತರುವವರಿಗೆ ಇದು ಎಷ್ಟು ದೊಡ್ಡ ಧೈರ್ಯ ಎಂದು ಒಂದು ರಾತ್ರಿ ಎದೆನೋವು ಎಂದು ಎದ್ದು ಕೂತವರಿಗೇ ಗೊತ್ತು.

ಕಡಲೇನೂ ದೂರವಿಲ್ಲ. ಸ್ಟೇಟ್ ಬ್ಯಾಂಕ್ ಎಂದೇ ಎಲ್ಲರೂ ಕರೆಯುವ ಬಸ್ ನಿಲ್ದಾಣಕ್ಕೆ ಇಳಿದರೆ ಪಣಂಬೂರಿಗೂ ಉಳ್ಳಾಲಕ್ಕೂ ಸಿಟಿ ಬಸ್ಸುಗಳು ಒಂದರ ಹಿಂದೊಂದು ಹೊರಡುತ್ತವೆ. ಹತ್ತು ಕಿಲೋಮೀಟರಿನ ಆಸುಪಾಸು. ಕಡಲಿನ ಈಜು ಬಾರದ ಬಯಲುಸೀಮೆಯ ನಾವು ಮಕ್ಕಳನ್ನು ನೀರಿಗೆ ಇಳಿಸುವುದಾದರೆ ಜೀವರಕ್ಷಕರಿರುವ ಪಣಂಬೂರಿನಲ್ಲೇ, ಅದೂ ಅವರು ನಿಲ್ಲಿಸಿದ ಬಾವುಟದ ಒಳಗೆ ಮಾತ್ರ. ಸೋಮೇಶ್ವರದ ಬಂಡೆಗಳ ಬಳಿ ದೇವಸ್ಥಾನದಲ್ಲಿ ಕೈಮುಗಿದು ಸೂರ್ಯಾಸ್ತ ನೋಡಬೇಕು, ನೀರಿಗೆ ಇಳಿಯಬಾರದು. ಕಟ್ಟೆಯ ನಿಂತ ನೀರಿನಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಕಡಲ ಸೆಳೆತ ಗೊತ್ತಿರುವುದಿಲ್ಲ. ಇದನ್ನು ನಾನು ಗದರಿಸಿಯೇ ಹೇಳುತ್ತೇನೆ.

ನಡು ಊರಿನಲ್ಲಿ ಇದ್ದರೆ ಗುಂಪಿನ ಎಲ್ಲರೂ ಒಂದೇ ಕಡೆ ಹೋಗಬೇಕಾದ ಹಟವಿಲ್ಲ. ಅತ್ತೆ ಮತ್ತು ಅಕ್ಕ ಕದ್ರಿಗೆ ಹೋಗುತ್ತಾರೆ. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಅಳುಪ ದೊರೆ ಕುಂದವರ್ಮನ ಕ್ರಿ.ಶ. 968ರ ಶಾಸನವಿದೆ. ಹುಡುಗಿಯರು ಬಾವುಟಗುಡ್ಡ ಹತ್ತಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡುತ್ತಾರೆ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೆನಿ ಅದರ ಗೋಡೆ, ಸೂರುಗಳನ್ನೆಲ್ಲ ಚಿತ್ರಗಳಿಂದ ತುಂಬಿದ್ದಾರೆ. ತಮ್ಮನಿಗೆ ಸುಲ್ತಾನ್ ಬತ್ತೇರಿ. ಗುರುಪುರ ನದಿಯೊಳಗೆ ಯುದ್ಧದ ಹಡಗುಗಳು ನುಗ್ಗದಂತೆ ಕಾಯಲು ಟಿಪ್ಪು ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು ಅದು. ಅಲ್ಲಿಂದ ದೋಣಿಯಲ್ಲಿ ನದಿ ದಾಟಿದರೆ ತಣ್ಣೀರುಬಾವಿಯ ಕಡಲು. ಮಧ್ಯಾಹ್ನಕ್ಕೆ ಎಲ್ಲರೂ ಒಂದೇ ಬಾಗಿಲಿಗೆ ಹಿಂತಿರುಗಿ, ಚಾಪೆ ಹಾಸಿ, ಉಂಡು ಮಲಗುತ್ತಾರೆ. ನಡುಮನೆ ಎಂಬ ಒಂದು ಜಾಗ ಹೋಟೆಲಿನಲ್ಲಿ ಎಷ್ಟು ಹಣ ಕೊಟ್ಟರೂ ಸಿಗುವುದಿಲ್ಲ.

ನಾವು ಇಳಿದುಕೊಂಡಿದ್ದ ಫ್ಲಾಟಿನಿಂದ ಮಿಲಾಗ್ರಿಸ್ ಚರ್ಚಿಗೆ ನಡೆದೇ ಹೋಗಬಹುದಿತ್ತು. ಎದುರು ಬಾಗಿಲಿನಲ್ಲಿ ಒಬ್ಬ ಕ್ರೈಸ್ತ ಅಜ್ಜಿ, ಮಗಳೊಂದಿಗೆ ಇದ್ದರು. ಮೊದಲ ಸಂಜೆ ಕೊತ್ತಂಬರಿ ಸೊಪ್ಪು ಕೇಳಲು ಹೋದಾಗ ನಾವು ಎಲ್ಲಿಯವರೆಂದು ವಿಚಾರಿಸಿದರು. ತಮ್ಮ ಶ್ರೀರಂಗಪಟ್ಟಣ ಎಂದ. ಆಕೆ ಸ್ವಲ್ಪ ಹೊತ್ತು ಅವನ ಮುಖ ನೋಡಿ, ಒಳಗೆ ಬಂದು ಕೂರುವಂತೆ ಹೇಳಿದರು. ನಮ್ಮ ಪೂರ್ವಿಕರನ್ನೂ ಅಲ್ಲಿಗೇ ನಡೆಸಿಕೊಂಡು ಹೋಗಿದ್ದರು, ಉಳಿದು ಬಂದವರ ಸಂತಾನ ನಾವು ಎಂದರು.

ನಾನು ಮಕ್ಕಳಿಗೆ ಕಲಿಸಿದ ಟಿಪ್ಪುವಿನ ಇತಿಹಾಸದಲ್ಲಿ 1792ರ ಮುತ್ತಿಗೆ, ಒತ್ತೆಯಾಳಾಗಿ ಹೋದ ಇಬ್ಬರು ಮಕ್ಕಳು, 1799ರ ಮೇ 4ರ ಸಾವು, ರಾಕೆಟ್ಟು, ರೇಷ್ಮೆ ಎಲ್ಲ ಇದ್ದವು. 1784 ಎಂದರೆ ಮಂಗಳೂರು ಒಪ್ಪಂದದ ವರ್ಷ ಎಂಬ ಒಂದು ಸಾಲು. ಅದೇ ವರ್ಷ, ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯ ಮೇಲೆ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. ಎಷ್ಟು ಜನ ಎಂಬುದರಲ್ಲಿ ಇತಿಹಾಸಕಾರರ ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. 1680ರಲ್ಲಿ ಕಟ್ಟಿದ್ದ ಮಿಲಾಗ್ರಿಸ್ ಚರ್ಚನ್ನು ಆಗಲೇ ಕೆಡವಿದ್ದು. ಇವತ್ತು ನಿಂತಿರುವ ಕಟ್ಟಡ ಎಷ್ಟೋ ಕಾಲದ ಮೇಲೆ ಬಂದದ್ದು. ಉಳಿದವರು ಬಿಡುಗಡೆಯಾಗಿ ಊರಿಗೆ ಮರಳಿದ್ದು ಟಿಪ್ಪು ಸತ್ತ ಮೇಲೆ. ತಮ್ಮನ ಮನೆಗೆ ಹತ್ತಿರದ ದರಿಯಾ ದೌಲತ್ ಬೇಸಿಗೆ ಅರಮನೆಯೂ 1784ರದ್ದೇ. ಅದರ ಗೋಡೆಯ ಚಿತ್ರಗಳನ್ನು ಎಷ್ಟೋ ಸಲ ಮಕ್ಕಳಿಗೆ ತೋರಿಸಿದ್ದೇನೆ. ಆ ಚಿತ್ರಗಳಲ್ಲಿ ಈ ನಡಿಗೆಯಿಲ್ಲ.

ನಮ್ಮ ಸೀಮೆಯಲ್ಲಿ ಟಿಪ್ಪುವಿನ ಬಗ್ಗೆ ಹೊಗಳುವವರೂ ಬೈಯುವವರೂ ಇದ್ದಾರೆ, ಮಾತು ಬೇಗ ಜಗಳಕ್ಕೆ ತಿರುಗುತ್ತದೆ. ಅಜ್ಜಿಯ ಮಾತಿನಲ್ಲಿ ಜಗಳವಿರಲಿಲ್ಲ. ಅವರಿಗೆ ತಿಳಿಯಬೇಕಿದ್ದದ್ದು ಒಂದೇ: ಅಲ್ಲಿನ ಹೊಳೆ ಅಗಲವೇ, ದಾಟಿ ತಪ್ಪಿಸಿಕೊಳ್ಳಲು ಆಗುತ್ತಿತ್ತೇ? ತಮ್ಮ ಕಾಗದದ ಮೇಲೆ ಕಾವೇರಿ ಎರಡು ಕವಲಾಗಿ ದ್ವೀಪವನ್ನು ಸುತ್ತುವುದನ್ನು ಬರೆದು ತೋರಿಸಿದ. ತುಂಬಿದ ಹೊಳೆಯನ್ನು ದಾಟಲಾಗದು ಎಂದ. ಆಕೆ ಆ ಕಾಗದವನ್ನು ಮಡಿಚಿ ಇಟ್ಟುಕೊಂಡರು. ಇತಿಹಾಸ ಕಲಿಸಿದ ನನಗೆ ಅಂದು ಸಿಕ್ಕ ಪಾಠ ಯಾವ ತರಬೇತಿಯಲ್ಲೂ ಸಿಕ್ಕಿರಲಿಲ್ಲ. ಎದುರು ಮನೆ ಎಂಬುದೊಂದು ಇದ್ದದ್ದರಿಂದ ಅದು ಸಿಕ್ಕಿತು.

ಅಡುಗೆಯ ಮಾತಿಗೆ ಬರುತ್ತೇನೆ. ಊರಿನಿಂದ ರಾಗಿ ಹಿಟ್ಟು, ಖಾರದ ಪುಡಿ, ಬೆಲ್ಲ, ಹುರುಳಿಕಾಳು, ಮುದ್ದೆ ಕೋಲು ತರುತ್ತೇವೆ. ಫ್ಲಾಟುಗಳಲ್ಲಿ ಇಡುವ ತೆಳು ಬಾಣಲೆಯಲ್ಲಿ ಹಿಟ್ಟು ತೊಳಸಿದರೆ ತಳ ಹಿಡಿಯುತ್ತದೆ, ದಪ್ಪ ತಳದ ಪಾತ್ರೆಯನ್ನೂ ಹೊತ್ತು ತರಬೇಕು. ಉಳಿದದ್ದು ಮಂಗಳೂರಿನದೇ. ಬೆಳಗ್ಗೆ ಧಕ್ಕೆಯಲ್ಲಿ ದೋಣಿ ಬರುವ ಹೊತ್ತಿಗೆ ಇಲ್ಲವೇ ಸ್ಟೇಟ್ ಬ್ಯಾಂಕ್ ಬಳಿಯ ಮೀನು ಮಾರುಕಟ್ಟೆಗೆ ಹೋದರೆ ಬಂಗುಡೆ, ಬೂತಾಯಿ ರಾಶಿ ರಾಶಿ. ಕೆರೆಯ ಕಾಟ್ಲಾ ತಿಂದ ನಮಗೆ ಮುಳ್ಳು ಬಿಡಿಸುವುದೇ ಹೊಸ ವಿದ್ಯೆ. ಕಣ್ಣು ಮಿಂಚುತ್ತಿರಬೇಕು, ಕಿವಿರು ಕೆಂಪಗಿರಬೇಕು ಎಂದು ಮಾರುವ ಹೆಂಗಸರೇ ಎತ್ತಿ ತೋರಿಸುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಮೀನು ಮರಿಮಾಡುವ ಕಾಲ. ಆಗ ಹೋದವರಿಗೆ ತಾಜಾ ಮೀನು ಕಡಿಮೆ, ಬೆಲೆ ಹೆಚ್ಚು. ಬೂತಾಯಿ ಪುಳಿಮುಂಚಿಗೆ ರಾಗಿ ಮುದ್ದೆ ಹೊಂದುತ್ತದೆಯೇ ಎಂದು ಕೇಳಿದರೆ, ಹೊಂದುತ್ತದೆ. ಕುಚ್ಚಲಕ್ಕಿಗಿಂತ ಚೆನ್ನಾಗಿ ಎಂದು ನಮ್ಮತ್ತೆಯ ಅಭಿಪ್ರಾಯ. ಎದುರು ಮನೆಯ ಅಜ್ಜಿ ಅದನ್ನು ಒಪ್ಪಲಿಲ್ಲ.

ಒಬ್ಬರೋ ಇಬ್ಬರೋ ಹೋಗುವುದಾದರೆ ಇದೆಲ್ಲ ಬೇಕಿಲ್ಲ, ಲಾಡ್ಜೇ ಸರಿ, ಅಗ್ಗವೂ ಹೌದು. ಆರೆಂಟು ಮಂದಿಯಾದರೆ ಎರಡು ಮಲಗುವ ಕೋಣೆಯ ಫ್ಲಾಟು ಮೂರು ಹೋಟೆಲ್ ಕೋಣೆಗಿಂತ ಕಡಿಮೆಗೆ ಬೀಳುತ್ತದೆ, ಊಟದ ಖರ್ಚು ಅರ್ಧವಾಗುತ್ತದೆ. ಹಿಡಿಯುವ ಮೊದಲು ಫೋನಿನಲ್ಲಿ ಕೇಳಬೇಕಾದದ್ದನ್ನು ನಾಚದೆ ಕೇಳಬೇಕು. ಲಿಫ್ಟ್ ಇದೆಯೇ, ಕರೆಂಟು ಹೋದಾಗಲೂ ನಡೆಯುತ್ತದೆಯೇ? ಟೆಂಪೊ ಟ್ರಾವೆಲರ್ ನೆಲಮಾಳಿಗೆಯ ಪಾರ್ಕಿಂಗ್ ಒಳಗೆ ಹೋಗದು, ಎಲ್ಲಿ ನಿಲ್ಲಿಸಬೇಕು? ರಾತ್ರಿ ಬಸ್ಸಿನಲ್ಲಿ ಬಂದು ಐದು ಗಂಟೆಗೆ ಬಿಜೈ ನಿಲ್ದಾಣದಲ್ಲಿ ಇಳಿದರೆ ಮಧ್ಯಾಹ್ನದವರೆಗೆ ಸಾಮಾನು ಎಲ್ಲಿಡಬೇಕು? ನೀರಿನ ವಿಚಾರವನ್ನಂತೂ ಏಪ್ರಿಲ್, ಮೇ ತಿಂಗಳಲ್ಲಿ ಕೇಳಲೇಬೇಕು. ಇಡೀ ಮಂಗಳೂರಿಗೆ ಕುಡಿಯುವ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ಬರುತ್ತದೆ. 2019ರ ಬೇಸಿಗೆಯಲ್ಲಿ ಅಲ್ಲಿ ನೀರಿಳಿದು ಸರದಿಯ ಮೇಲೆ ಬಿಡುವಂತಾಗಿತ್ತು. ಅಷ್ಟು ಮಳೆಯ ಊರಿನಲ್ಲಿ ಹೀಗೂ ಆಗುತ್ತದೆ ಎಂದು ಕಾಲುವೆ ಬದಿಯ ನಮಗೆ ನಂಬುವುದು ಕಷ್ಟ.

ಇನ್ನೊಂದು, ಆ ಕಟ್ಟಡದ ನಿವಾಸಿಗಳ ಸಂಘ ದಿನದ ಬಾಡಿಗೆಗೆ ಒಪ್ಪಿದೆಯೇ ಎಂಬುದು. ಒಪ್ಪದ ಕಟ್ಟಡಗಳಲ್ಲಿ ವಾಚ್‌ಮನ್ ಗೇಟಿನಲ್ಲೇ ತಡೆಯುತ್ತಾನೆ, ತಪ್ಪು ಅವನದಲ್ಲ. ಅಲ್ಲಿ ಸಂಸಾರ ಮಾಡಿಕೊಂಡಿರುವವರಿಗೆ ದಿನಕ್ಕೊಬ್ಬ ಅಪರಿಚಿತ, ಮಧ್ಯರಾತ್ರಿಯ ಗದ್ದಲ ಬೇಡವೆನ್ನಿಸುವುದು ನ್ಯಾಯ. ನಾವೂ ಹತ್ತು ಗಂಟೆಯ ಮೇಲೆ ದನಿ ತಗ್ಗಿಸುತ್ತೇವೆ, ಮರಳಿನ ಕಾಲನ್ನು ಕೆಳಗೇ ತೊಳೆಯುತ್ತೇವೆ, ಮೀನಿನ ಕಸವನ್ನು ಬೇರೆ ಕಟ್ಟಿ ಬೆಳಗ್ಗೆ ಕಸದ ಗಾಡಿಗೇ ಕೊಡುತ್ತೇವೆ. ಗುರುತಿನ ಚೀಟಿ ಕೇಳಿದಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಟ್ಟರೆ ಸಾಕು, ಪೂರ್ತಿ ಸಂಖ್ಯೆಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಡಿ. ಒಮ್ಮೆ ಅಮೆರಿಕದಿಂದ ಬಂದ ಅಣ್ಣನ ಮಗ, ಸೊಸೆ ಜೊತೆಗಿದ್ದರು. ವಿದೇಶಿ ಪಾಸ್‌ಪೋರ್ಟ್ ಇದ್ದವರು ಬಂದಿಳಿದ 24 ಗಂಟೆಯೊಳಗೆ ಮನೆ ಕೊಟ್ಟವರು ಅವರ ವಿವರವನ್ನು ಸರಕಾರಕ್ಕೆ ಕೊಡಬೇಕು. ನಮ್ಮವರೇ ಆದರೂ ಬಿಡುವಂತಿಲ್ಲ. ಇದು ಗೊತ್ತಿರುವ ಮಾಲೀಕರನ್ನೇ ಹುಡುಕಿ. ನವರಾತ್ರಿಯಲ್ಲಿ ಕುದ್ರೋಳಿಯ ಮಂಗಳೂರು ದಸರಾಕ್ಕೆ ಊರೆಲ್ಲ ತುಂಬಿರುತ್ತದೆ, ಫ್ಲಾಟು ಬೇಕಾದವರು ತಿಂಗಳ ಮೊದಲೇ ಹೇಳಿಡಬೇಕು.

ಹೀಗೆ ಇನ್ನೊಬ್ಬರ ಮನೆಯಲ್ಲಿ ಇಳಿದು ಒಲೆ ಹೂಡುವುದು ನಮಗೆ ಹೊಸದೇನಲ್ಲ. ನಾನು ಚಿಕ್ಕವಳಿದ್ದಾಗ ವೈರಮುಡಿಗೆ ಮೇಲುಕೋಟೆಗೆ ಹೋದರೆ ಛತ್ರಗಳು ತುಂಬಿರುತ್ತಿದ್ದವು. ಬೀದಿಯ ಮನೆಯವರು ಜಗುಲಿಯನ್ನೋ ಹಿಂದಿನ ಕೋಣೆಯನ್ನೋ ಬಿಟ್ಟುಕೊಡುತ್ತಿದ್ದರು. ಮಂಡ್ಯದ ಖಜಾನೆಯಿಂದ ವಜ್ರದ ಕಿರೀಟ ಬಂದು ಚೆಲುವನಾರಾಯಣನಿಗೆ ಮುಡಿಸಿ ಉತ್ಸವ ಹೊರಡುವವರೆಗೆ, ಗುಡಿಗೆ ಹತ್ತು ಹೆಜ್ಜೆಯಲ್ಲಿ ಮಕ್ಕಳನ್ನು ಮಲಗಿಸಿ ದೊಡ್ಡವರು ಎದ್ದಿರುತ್ತಿದ್ದರು. ಊರ ಹೊರಗೆ ಇಳಿದಿದ್ದರೆ ಅದು ಆಗುತ್ತಿರಲಿಲ್ಲ.

ಶ್ರೀರಂಗಪಟ್ಟಣಕ್ಕೆ ಬರುವವರು ಈಗ ಬೆಳಗ್ಗೆ ಬಂದು, ಮಧ್ಯಾಹ್ನದ ಹೊತ್ತಿಗೆ ರಂಗನಾಥ, ಗುಂಬಜ್, ದರಿಯಾ ದೌಲತ್ ಮುಗಿಸಿ, ರಾತ್ರಿಗೆ ಮೈಸೂರಿನ ಹೋಟೆಲಿಗೆ ಹೋಗುತ್ತಾರೆ. ನನಗೆ ಇದು ನೋವಿನ ಸಂಗತಿ. ದ್ವೀಪದ ನಡುವೆ ಒಂದು ಮನೆಯಲ್ಲಿ ಉಳಿದವರಿಗೆ ಪಾಂಡವಪುರದ ಕುಂತಿಬೆಟ್ಟ, ಮೇಲುಕೋಟೆ, ಕೆ.ಆರ್. ಪೇಟೆಯ ಹೊಸಹೊಳಲು ಮತ್ತು ಗೋವಿಂದನಹಳ್ಳಿಯ ಗುಡಿಗಳು, ನಾಗಮಂಗಲದ ಸೌಮ್ಯಕೇಶವ, ಕಂಬದಹಳ್ಳಿಯ ಬಸದಿ ಇವೆಲ್ಲ ಒಂದೊಂದು ದಿನದ ದಾರಿ. ಹೊಯ್ಸಳರ ಹೊಸಹೊಳಲನ್ನು ಬೇಲೂರಿನಷ್ಟು ಜನ ನೋಡದಿರುವುದಕ್ಕೆ ಹತ್ತಿರದಲ್ಲಿ ಉಳಿಯಲು ಜಾಗವಿಲ್ಲದ್ದೇ ಕಾರಣ ಎಂದು ನಾನು ನಂಬಿದ್ದೇನೆ. ಹೊಸ ಕಟ್ಟಡ ಎಬ್ಬಿಸುವುದು ಇಲ್ಲಿ ಸುಲಭವಿಲ್ಲ. 2010ರ ತಿದ್ದುಪಡಿಯಾದ ಕಾನೂನಿನಂತೆ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಆ ಕಾನೂನು ಇರಲೇಬೇಕು. ಇರುವ ಹಳೆಯ ಮನೆಗಳಲ್ಲೇ ಕೋಣೆ ಕೊಡುವ ದಾರಿ ನಮಗೆ ಉಳಿದಿರುವುದು.

ತಮ್ಮ ಗಂಜಾಂನ ಮನೆಯಲ್ಲಿ ಎರಡು ಕೋಣೆ ಸಿದ್ಧಪಡಿಸಲು ಹೊರಟಿದ್ದಾನೆ. ಮಹಡಿಯ ಮೇಲಿನದಕ್ಕೆ ಗಾಳಿ ಚೆನ್ನಾಗಿದೆ, ಬಾಡಿಗೆಯೂ ಹೆಚ್ಚು ಬರುತ್ತದೆ ಎಂಬುದು ಅವನ ಲೆಕ್ಕವಾಗಿತ್ತು. ಆದರೆ ಮಂಗಳೂರಿನ ಆ ಅಜ್ಜಿಯ ಮಗಳು ಫೋನು ಮಾಡಿ, ಚಳಿಗಾಲಕ್ಕೆ ಅಮ್ಮನನ್ನು ಕರೆದುಕೊಂಡು ಬರುತ್ತೇವೆ, ಹೊಳೆ ನೋಡಬೇಕಂತೆ ಎಂದಿದ್ದಾರೆ. ಅವರಿಗೆ ಮೆಟ್ಟಿಲು ಹತ್ತಲಾಗದು. ಕೆಳಗಿನ ಕೋಣೆಯ ಕೆಲಸ ಮೊದಲು ಶುರುವಾಗಿದೆ.